ಮರೆತದ್ದು ಗೊತ್ತಾಗದ ವಿದ್ಯೆ

ಕೆಲವು ವರ್ಷಗಳ ಹಿಂದಿನ ಫೆಬ್ರುವರಿ. ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಎರಡು ದಿನ ಸುರಿದ ಮಳೆ ಆಗಷ್ಟೇ ನಿಂತಿತ್ತು, ಮೋಡ ಮಾತ್ರ ಕರಗಿರಲಿಲ್ಲ. ಬಾಡಿಗೆಯ ಸೆಸ್ನಾ 172ರಲ್ಲಿ ನಾನೊಬ್ಬನೇ, ನಾಲ್ಕು ಸಾವಿರ ಅಡಿ ಎತ್ತರದಲ್ಲಿ, ಆ ಮೋಡದ ಹೊಟ್ಟೆಯೊಳಗಿದ್ದೆ. ಕಿಟಕಿಯಾಚೆ ಹಾಲಿನಂಥ ಬಿಳುಪು ಬಿಟ್ಟರೆ ಏನೂ ಇಲ್ಲ. ಎತ್ತರ ಐವತ್ತು ಅಡಿಯೂ ಆಚೀಚೆ ಆಗದಂತೆ ಹಿಡಿದಿದ್ದೆ. ದಿಕ್ಕು ನೆಟ್ಟಗಿತ್ತು, ಮನಸ್ಸೂ ನೆಮ್ಮದಿಯಾಗಿತ್ತು. ಅಷ್ಟರಲ್ಲಿ ರೇಡಿಯೊದಲ್ಲಿ ಕಂಟ್ರೋಲರ್ ದನಿ: ಮುಂದೆ ವಿಮಾನಗಳ ಸಾಲಿದೆ, ಇಂಥ ಬಿಂದುವಿನ ಪಶ್ಚಿಮಕ್ಕೆ, ಎಡ ತಿರುವುಗಳಲ್ಲಿ ಹೋಲ್ಡ್ ಮಾಡಿ.

ಹೋಲ್ಡ್ ಅಂದರೆ ಆಕಾಶದ ಒಂದು ಬಿಂದುವನ್ನು ಹಿಡಿದುಕೊಂಡು ಕುದುರೆ ರೇಸಿನ ಅಂಗಳದ ಆಕಾರದಲ್ಲಿ ಸುತ್ತುತ್ತ ಸರದಿ ಕಾಯುವುದು. ಸಾಮಾನ್ಯವಾಗಿ ಬಲ ತಿರುವು, ಈ ಸಲ ಎಡ. ಆ ಆಕಾರವನ್ನು ಮನಸ್ಸಿನಲ್ಲಿ ಬರೆದುಕೊಳ್ಳಲು ಹೋದೆ. ಬರಲಿಲ್ಲ. ನಾನು ಯಾವ ಕಡೆಯಿಂದ ಆ ಬಿಂದುವಿಗೆ ಬರುತ್ತಿದ್ದೇನೆ, ತಲುಪಿದ ಮೇಲೆ ಮೊದಲು ಎತ್ತ ಹೊರಳಬೇಕು, ಒಂದೂ ಹೊಳೆಯಲಿಲ್ಲ. ಅದನ್ನು ತಡಕಾಡುವಷ್ಟರಲ್ಲಿ ವಿಮಾನ ಇನ್ನೂರು ಅಡಿ ಇಳಿದು ಬಲಕ್ಕೆ ವಾಲಿತ್ತು. ನನ್ನಿಂದ ಆಗುತ್ತಿಲ್ಲ, ನೇರ ದಿಕ್ಕೊಂದನ್ನು ಕೊಡಿ ಎಂದು ಕೇಳಿಕೊಂಡೆ. ಅವರು ಕೊಟ್ಟರು. ಸುರಕ್ಷಿತವಾಗಿ ಇಳಿದೆ.

ಲಾಗ್‌ಬುಕ್ಕಿನ ಪ್ರಕಾರ ಆ ದಿನ ನಾನು ಪೂರ್ತಿ ಅರ್ಹ. ಇನ್‌ಸ್ಟ್ರುಮೆಂಟ್ ರೇಟಿಂಗ್ ಇರುವ, ಅಂದರೆ ಹೊರಗೆ ಏನೂ ಕಾಣದಿದ್ದರೂ ಮಾಪಕಗಳನ್ನೇ ನೋಡಿ ಹಾರಲು ಪರವಾನಗಿ ಪಡೆದ ಪೈಲಟ್, ಹಿಂದಿನ ಆರು ತಿಂಗಳಲ್ಲಿ ಆರು ಅಪ್ರೋಚ್‌ಗಳನ್ನು (ಮಾಪಕಗಳ ಮೇಲೆ ರನ್‌ವೇಯತ್ತ ಇಳಿದು ಬರುವ ಕ್ರಮ) ಮಾಡಿರಬೇಕು, ಹೋಲ್ಡ್ ಮಾಡಿರಬೇಕು, ರೇಡಿಯೊ ಅಥವಾ ಜಿಪಿಎಸ್ ಹಾದಿಯನ್ನು ಹಿಡಿದು ಸಾಗಿರಬೇಕು ಎಂದು ಅಮೆರಿಕದ ನಿಯಮ ಹೇಳುತ್ತದೆ. ಅದನ್ನು ತಪ್ಪಿಸಿಕೊಂಡರೆ ಇನ್ನಾರು ತಿಂಗಳ ಅವಕಾಶ. ಅದೂ ಕಳೆದರೆ ಅಧಿಕೃತ ಪರೀಕ್ಷಕರ ಅಥವಾ ಇನ್‌ಸ್ಟ್ರಕ್ಟರ್ ಮುಂದೆ ಮತ್ತೆ ಹಾರಿ ತೋರಿಸಬೇಕು. ನನ್ನ ಆರರಲ್ಲಿ ನಾಲ್ಕು ಅಪ್ರೋಚ್‌ಗಳು ಒಂದೇ ಸಂಜೆ ನೆಲದ ಮೇಲಿನ ಸಿಮ್ಯುಲೇಟರಿನಲ್ಲಿ ಆದವು, ಉಳಿದೆರಡು ಆಟೊಪೈಲಟ್ ಹಾಕಿಕೊಂಡು. ಹೋಲ್ಡ್ ಒಂದೇ ಒಂದು, ಅದೂ ಜಿಪಿಎಸ್ ತಾನೇ ಗೆರೆ ಎಳೆದು ತೋರಿಸಿದ್ದು. ನಿಯಮಕ್ಕೆ ಇಷ್ಟು ಸಾಕು. 2018ರ ತಿದ್ದುಪಡಿಯ ನಂತರ ಸಿಮ್ಯುಲೇಟರಿನಲ್ಲಿ ಇದನ್ನೆಲ್ಲ ಮಾಡುವಾಗ ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಇರಬೇಕೆಂಬ ಕಟ್ಟುಪಾಡೂ ಇಲ್ಲ.

ಆ ದಿನದಿಂದ ನನ್ನನ್ನು ಕಾಡುತ್ತಿರುವುದು ಹೋಲ್ಡ್ ಬಾರದೇ ಹೋದದ್ದಲ್ಲ. ಅದು ಬಾರದು ಎಂಬುದು ಆ ಕ್ಷಣದವರೆಗೂ ನನಗೆ ಗೊತ್ತೇ ಇರಲಿಲ್ಲವಲ್ಲ, ಅದು. ಅಪರೂಪಕ್ಕೆ ಬಳಸುವ ವಿದ್ಯೆ ಕರಗುವಾಗ ಸದ್ದು ಮಾಡುವುದಿಲ್ಲ. ವಿದ್ಯೆ ಹೋದ ಮೇಲೂ ವಿಶ್ವಾಸ ಬಹಳ ಕಾಲ ಉಳಿದಿರುತ್ತದೆ.

ಇದು ಹೊಸ ಮಾತೇನಲ್ಲ. ಮಾಪಕಗಳ ಮೇಲೆ ಹಾರುವ ವಿದ್ಯೆ ಹುಟ್ಟಿದ್ದೇ ಇಂಥದೊಂದು ಅರಿವಿನಿಂದ. ನಾನಿರುವ ಕಡೆಗೆ ಹತ್ತಿರದಲ್ಲೇ, ಸ್ಯಾನ್ ಫ್ರಾನ್ಸಿಸ್ಕೋದ ಕ್ರಿಸಿ ಫೀಲ್ಡ್‌ನಲ್ಲಿ, 1926ರಲ್ಲಿ ಡೇವಿಡ್ ಮೈಯರ್ಸ್ ಎಂಬ ಸೇನಾ ವೈದ್ಯರು ವಿಲಿಯಂ ಓಕರ್ ಎಂಬ ಅನುಭವಿ ಪೈಲಟ್‌ನನ್ನು ತಿರುಗುವ ಕುರ್ಚಿಯಲ್ಲಿ ಕೂರಿಸಿ, ಕಣ್ಣು ಮುಚ್ಚಿಸಿ ತಿರುಗಿಸಿದರು. ಕುರ್ಚಿ ಒಂದೇ ವೇಗದಲ್ಲಿ ಸುತ್ತುತ್ತಿರುವಾಗ ಅದು ನಿಂತಿದೆ ಎಂದು ಓಕರ್‌ಗೆ ಅನಿಸಿತು. ಅದು ನಿಧಾನವಾದಾಗ ಎದುರು ದಿಕ್ಕಿಗೆ ತಿರುಗುತ್ತಿದೆ ಅನಿಸಿತು. ಓಕರ್ ಅವಮಾನ ಪಟ್ಟುಕೊಂಡು ಸುಮ್ಮನಾಗಲಿಲ್ಲ. ತಿರುವು ಸೂಚಕವೊಂದನ್ನು ಕತ್ತಲೆಯ ಪೆಟ್ಟಿಗೆಯಲ್ಲಿಟ್ಟು, ಅದನ್ನೊಂದೇ ನೋಡುತ್ತ ಮತ್ತೆ ಕುರ್ಚಿಯಲ್ಲಿ ಕೂತ. ಈ ಸಲ ಎಲ್ಲ ಉತ್ತರಗಳೂ ಸರಿ. ಮೈ ಸುಳ್ಳು ಹೇಳುತ್ತಿತ್ತು, ಪೆಟ್ಟಿಗೆ ನಿಜ ಹೇಳುತ್ತಿತ್ತು. ಇದಾದ ಮೂರು ವರ್ಷಕ್ಕೆ, 1929ರ ಸೆಪ್ಟೆಂಬರ್ 24ರಂದು, ಜಿಮ್ಮಿ ಡೂಲಿಟಲ್ ಎಂಬ ಪೈಲಟ್ ಲಾಂಗ್ ಐಲೆಂಡ್‌ನ ಮಿಚೆಲ್ ಫೀಲ್ಡ್‌ನಲ್ಲಿ ಕಾಕ್‌ಪಿಟ್ಟಿಗೆ ಪೂರ್ತಿ ಮುಸುಕು ಹಾಕಿಕೊಂಡು ಮೇಲೇರಿ, ಸುತ್ತಿ, ಇಳಿದು ತೋರಿಸಿದ.

ಚಾರ್ಮಾಡಿ ಘಾಟಿಯಲ್ಲಿ ಮಳೆಗಾಲದ ಮಂಜಿನೊಳಗೆ ಕಾರು ಓಡಿಸಿದವರಿಗೆ ಕಣ್ಣು ಕಾಣದ ಭಯ ಏನೆಂದು ಗೊತ್ತು. ಆದರೆ ಅಲ್ಲಿ ಅಡಿಯಲ್ಲಿ ನೆಲವಿದೆ. ರಸ್ತೆ ಬಲಕ್ಕೆ ಬಾಗಿದರೆ ಮೈಗೆ ತಿಳಿಯುತ್ತದೆ, ಭಯವಾದರೆ ಬದಿಗೆ ಹಾಕಿ ನಿಲ್ಲಬಹುದು. ಮೋಡದಲ್ಲಿ ನಿಲ್ಲುವುದೆಂಬುದಿಲ್ಲ. ಮೈಯಂತೂ ಅಲ್ಲಿ ಸಾಕ್ಷಿ ಹೇಳಲು ಯೋಗ್ಯವೇ ಅಲ್ಲ. ಕಿವಿಯೊಳಗಿನ ಅರ್ಧವೃತ್ತದ ನಾಳಗಳಲ್ಲಿರುವ ದ್ರವ ಅಲುಗಿದಾಗ ನಮಗೆ ತಿರುಗಿದ ಅನುಭವವಾಗುತ್ತದೆ. ತಿರುವು ತೀರ ಮೆಲ್ಲಗೆ ಶುರುವಾದರೆ ಆ ದ್ರವಕ್ಕೆ ಗೊತ್ತೇ ಆಗುವುದಿಲ್ಲ. ಗೊತ್ತಾದರೂ, ಒಂದೇ ಹದದ ತಿರುವು ಸುಮಾರು ಇಪ್ಪತ್ತು ಸೆಕೆಂಡ್ ಮುಂದುವರಿದರೆ ದ್ರವವೂ ಅದೇ ವೇಗಕ್ಕೆ ಹೊಂದಿಕೊಂಡು ಸುಮ್ಮನಾಗುತ್ತದೆ. ವಿಮಾನ ವಾಲಿಕೊಂಡು ಸುರುಳಿಯಾಗಿ ಇಳಿಯುತ್ತಿರುತ್ತದೆ, ಪೈಲಟ್‌ಗೆ ತಾನು ನೆಟ್ಟಗೆ ಕೂತಿದ್ದೇನೆ ಅನಿಸುತ್ತಿರುತ್ತದೆ. ಬೆಂಗಳೂರಿನ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ ಪೈಲಟ್‌ಗಳಿಗೆ ಈ ಭ್ರಮೆಯನ್ನು ಅನುಭವಕ್ಕೆ ತಂದುಕೊಡಲೆಂದೇ ಸಿಮ್ಯುಲೇಟರ್ ಇದೆ. ಓದಿ ತಿಳಿದರೆ ಸಾಲದು, ಒಮ್ಮೆಯಾದರೂ ಮೋಸಹೋಗಿ ತಿಳಿಯಬೇಕು ಎಂಬುದು ಅದರ ಹಿಂದಿನ ವಿವೇಕ.

ನನ್ನ ವಾದ ಇಷ್ಟು. ವಿದ್ಯೆ ಸವೆಯುವುದೂ ಆ ಮೆಲ್ಲನೆಯ ತಿರುವಿನ ಹಾಗೆಯೇ. ದಿನಕ್ಕೆ ಇಷ್ಟಿಷ್ಟೇ ಸವೆಯುವುದರಿಂದ ಮನಸ್ಸು ಅದಕ್ಕೆ ಹೊಂದಿಕೊಂಡುಬಿಡುತ್ತದೆ, ಎಲ್ಲ ನೆಟ್ಟಗಿದೆ ಎನ್ನುತ್ತದೆ. ಮೋಡದಲ್ಲಿ ಮೈಯ ಮಾತು ನಂಬಬೇಡ, ಮಾಪಕ ನಂಬು ಎಂದು ಮೊದಲ ಪಾಠದಲ್ಲೇ ಕಲಿತ ನಾವು, ನನಗಿನ್ನೂ ಬರುತ್ತದೆ ಎಂಬ ಅನಿಸಿಕೆಯ ವಿಷಯದಲ್ಲಿ ಮಾತ್ರ ಯಾವ ಮಾಪಕವನ್ನೂ ಇಟ್ಟುಕೊಂಡಿಲ್ಲ. ಆ ಒಂದು ಅನಿಸಿಕೆಗೆ ಮಾತ್ರ ಯಾಕೆ ಈ ವಿನಾಯಿತಿ?

ಈಜು ಕಲಿತವನು ಮರೆಯುವುದಿಲ್ಲ, ಸೈಕಲ್ ಕಲಿತವನೂ ಮರೆಯುವುದಿಲ್ಲ ಎಂದು ಇದಕ್ಕೆ ಉತ್ತರ ಕೊಡುವವರಿದ್ದಾರೆ. ಆ ಮಾತು ಅರ್ಧ ನಿಜ. ಯಾವ ಅರ್ಧ ಎಂಬುದನ್ನು ನಾಸಾದ ಮನೋವಿಜ್ಞಾನಿ ಸ್ಟೀಫನ್ ಕ್ಯಾಸ್ನರ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನ ಚೆನ್ನಾಗಿ ಬಿಡಿಸಿ ತೋರಿಸಿತು. ವರ್ಷಗಟ್ಟಲೆ ಆಟೊಪೈಲಟ್ ಜೊತೆ ಹಾರಿದ 16 ಮಂದಿ ಏರ್‌ಲೈನ್ ಪೈಲಟ್‌ಗಳನ್ನು ಬೋಯಿಂಗ್ 747-400 ಸಿಮ್ಯುಲೇಟರಿನಲ್ಲಿ ಕೂರಿಸಿ, ಸಹಾಯಕ ಯಂತ್ರಗಳನ್ನು ಒಂದೊಂದಾಗಿ ಕಿತ್ತುಕೊಂಡು ನೋಡಿದರು. ಕೈ ಮತ್ತು ಕಣ್ಣಿನ ಕೆಲಸ, ಅಂದರೆ ಮಾಪಕಗಳ ಮೇಲೆ ಕಣ್ಣಾಡಿಸುತ್ತ ವಿಮಾನವನ್ನು ಹದದಲ್ಲಿ ಹಿಡಿಯುವುದು, ತುಸು ತುಕ್ಕು ಹಿಡಿದಿದ್ದರೂ ಹೆಚ್ಚುಕಡಿಮೆ ಹಾಗೇ ಉಳಿದಿತ್ತು. ಕೈಕೊಟ್ಟದ್ದು ಬುದ್ಧಿಯ ಕೆಲಸ. ನಕ್ಷೆಯ ಪರದೆ ಇಲ್ಲದೆ ತಾನೆಲ್ಲಿದ್ದೇನೆ ಎಂದು ಮನಸ್ಸಿನಲ್ಲೇ ಲೆಕ್ಕ ಇಡುವುದು, ಮುಂದಿನ ಹೆಜ್ಜೆ ಯಾವುದೆಂದು ನಿರ್ಧರಿಸುವುದು, ಮಾಪಕ ಕೆಟ್ಟಾಗ ಅದು ಕೆಟ್ಟಿದೆ ಎಂದು ಗುರುತಿಸುವುದು, ಇವುಗಳಲ್ಲಿ ಮೇಲಿಂದ ಮೇಲೆ ತಪ್ಪಿದರು.

ಯಕ್ಷಗಾನದ ಭಾಗವತಿಕೆ ಬಲ್ಲವರಿಗೆ ಇದು ಬೇಗ ಅರ್ಥವಾದೀತು. ಹತ್ತು ವರ್ಷ ಆಡದ ಪ್ರಸಂಗವೊಂದನ್ನು ಒಮ್ಮೆಲೇ ಎತ್ತಿಕೊಂಡರೆ ಭಾಗವತರ ಕಂಠ ತಪ್ಪುವುದಿಲ್ಲ, ಜಾಗಟೆಯ ಮೇಲಿನ ಕೈ ತಾಳ ಬಿಡುವುದಿಲ್ಲ. ತಪ್ಪುವುದು ಮುಂದಿನ ಪದ್ಯ ಯಾವುದು, ಯಾವ ಪಾತ್ರದ ಪ್ರವೇಶ ಈಗ, ಎಂಬ ನಡೆ. ನೋಡುಗನಿಗೆ ಮೊದಲ ಹತ್ತು ನಿಮಿಷ ಏನೂ ಕಾಣದು. ಸ್ವತಃ ಭಾಗವತರಿಗೂ ಗೊತ್ತಾಗಲಿಕ್ಕಿಲ್ಲ, ಯಾಕೆಂದರೆ ಕಂಠ ಅಷ್ಟು ಸೊಗಸಾಗಿ ಹರಿಯುತ್ತಿದೆ. ಆ ಫೆಬ್ರುವರಿಯಲ್ಲಿ ನನಗೆ ಆದದ್ದೂ ಇದೇ. ಐವತ್ತು ಅಡಿಯೊಳಗೆ ಎತ್ತರ ಹಿಡಿದಿದ್ದ ಕೈಯೇ ನನಗೆ ಮೋಸ ಮಾಡಿತು. ಕೈ ಸರಿಯಿದೆ, ಹಾಗಾದರೆ ನಾನು ಸರಿಯಿದ್ದೇನೆ ಎಂದುಕೊಂಡೆ.

2020ರ ಜನವರಿ 26ರಂದು ಲಾಸ್ ಏಂಜಲೀಸ್ ಬಳಿಯ ಕ್ಯಾಲಬಾಸಸ್ ಗುಡ್ಡಗಳಲ್ಲಿ ನಡೆದ ಹೆಲಿಕಾಪ್ಟರ್ ಅಪಘಾತ ಬ್ಯಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್ ಕಾರಣಕ್ಕೆ ಲೋಕಕ್ಕೆಲ್ಲ ಗೊತ್ತು. ಆತ, ಹದಿಮೂರರ ಮಗಳು, ಪೈಲಟ್ ಸೇರಿ ಒಂಬತ್ತು ಮಂದಿ ತೀರಿಕೊಂಡರು. ಪೈಲಟ್‌ಗೆ ಇನ್‌ಸ್ಟ್ರುಮೆಂಟ್ ರೇಟಿಂಗ್ ಇತ್ತು. ಎಂಟೂವರೆ ಸಾವಿರ ಗಂಟೆಗೂ ಮೀರಿದ ಅನುಭವವಿತ್ತು. ಆದರೆ ಕೆಲಸ ಮಾಡುತ್ತಿದ್ದ ಸಂಸ್ಥೆಗೆ ಕಣ್ಣಿಗೆ ಕಾಣುವ ಹವೆಯಲ್ಲಿ ಮಾತ್ರ ಹಾರುವ ಅನುಮತಿ. ಹೀಗಾಗಿ ಮಾಪಕದ ವಿದ್ಯೆಗೆ ದಿನದ ಕೆಲಸದಲ್ಲಿ ಜಾಗವೇ ಇರಲಿಲ್ಲ. ಅಷ್ಟೂ ವರ್ಷಗಳಲ್ಲಿ ಮಾಪಕಗಳ ಮೇಲೆ ಹಾರಿದ ಸಮಯ ಸುಮಾರು 75 ಗಂಟೆ, ಅದರಲ್ಲೂ ಬಹುಪಾಲು ಕಣ್ಣಿಗೆ ಮುಸುಕು ಹಾಕಿಕೊಂಡ ಅಭ್ಯಾಸದ್ದು, ನಿಜವಾದ ಮೋಡದ್ದಲ್ಲ. ಆ ಬೆಳಿಗ್ಗೆ ಮೋಡ ಹೊಕ್ಕ ಮೇಲೆ, ನಾಲ್ಕು ಸಾವಿರ ಅಡಿಗೆ ಏರುತ್ತಿದ್ದೇನೆ ಎಂದು ಕಂಟ್ರೋಲರ್‌ಗೆ ರೇಡಿಯೊದಲ್ಲಿ ಹೇಳಿದ ಹೊತ್ತಿನಲ್ಲೇ ಹೆಲಿಕಾಪ್ಟರ್ ಎಡಕ್ಕೆ ಹೊರಳಿ ವೇಗವಾಗಿ ಇಳಿಯುತ್ತಿತ್ತು.

ಮೋಡದತ್ತ ಮುಂದುವರಿದದ್ದೇ ಮೂಲ ತಪ್ಪು, ದಿಗ್ಭ್ರಮೆ ಅದರ ಫಲ ಎಂದು ತನಿಖಾ ಮಂಡಳಿ ಹೇಳಿತು. ಅದನ್ನು ನಾನು ಒಪ್ಪುತ್ತೇನೆ. ತೀರಿಹೋದವರ ಮೇಲೆ ದೂರು ಹೊರಿಸುವ ಮನಸ್ಸೂ ನನಗಿಲ್ಲ. ಆದರೆ ಏರುತ್ತಿದ್ದೇನೆ ಎಂಬ ಆ ಮಾತನ್ನು ಮರೆಯಲಾರೆ. ಸುಳ್ಳು ಹೇಳುತ್ತಿರಲಿಲ್ಲ, ಮೈ ಹೇಳಿದ್ದನ್ನು ಹೇಳಿದ್ದು. ಮುಂದುವರಿಯುವ ನಿರ್ಧಾರದ ಹಿಂದೆಯೂ, ಬೇಕಾದರೆ ಈ ವಿದ್ಯೆ ನನ್ನ ಹತ್ತಿರ ಇದೆ ಎಂಬ ಅದೇ ಜಾತಿಯ ಧೈರ್ಯ ಸ್ವಲ್ಪವಾದರೂ ಇದ್ದಿರಬಹುದೇ ಎಂದು ನನಗೆ ಅನಿಸುತ್ತದೆ. ನಾನು ಮೋಡದಲ್ಲಿ ಹಾರುವುದೇ ಇಲ್ಲ, ರೇಟಿಂಗ್ ಇರುವುದು ಆಪತ್ಕಾಲಕ್ಕೆ ಎನ್ನುವ ಗೆಳೆಯರಿಗೆ ನಾನು ಹೇಳುವುದು ಇದನ್ನೇ. ತುಕ್ಕು ಹಿಡಿದ ವಿಮೆಗಿಂತ ವಿಮೆಯೇ ಇಲ್ಲದಿರುವುದು ಮೇಲು. ಇಲ್ಲದವನು ಬೇಗ ಹಿಂದಿರುಗುತ್ತಾನೆ.

ಹಿಂದಿರುಗುವುದೂ ಕಲಿತರೇ ಬರುವಂಥದ್ದು. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ನಡೆದ ಪ್ರಯೋಗವೊಂದನ್ನು ಪೈಲಟ್ ಲೋಕ ಇಂದಿಗೂ ನೆನೆಯುತ್ತದೆ. ಮಾಪಕದ ತರಬೇತಿ ಇಲ್ಲದ 20 ಮಂದಿಯನ್ನು ಹೊರಗಿನ ನೋಟ ಮರೆಮಾಡಿ ಹಾರಿಸಿದರು. ಇಪ್ಪತ್ತೂ ಜನ ಹತೋಟಿ ತಪ್ಪಿದರು, ಸರಾಸರಿ 178 ಸೆಕೆಂಡ್‌ಗಳಲ್ಲಿ. ಮೂರು ನಿಮಿಷಕ್ಕೂ ಕಡಿಮೆ ಎಂಬ ಆ ಅಂಕಿ ಪೋಸ್ಟರುಗಳಲ್ಲಿ, ಪಾಠಗಳಲ್ಲಿ, ಹೆದರಿಸುವ ಮಾತುಗಳಲ್ಲಿ ಎಪ್ಪತ್ತು ವರ್ಷದಿಂದ ಬದುಕಿದೆ. ಪ್ರಯೋಗದ ಎರಡನೆಯ ಅರ್ಧವನ್ನು ಹೇಳುವವರು ಕಡಿಮೆ. ಅದರ ಉದ್ದೇಶ ಹೆದರಿಸುವುದಾಗಿರಲಿಲ್ಲ. ಮೋಡದಲ್ಲಿ ಸಿಕ್ಕಿಕೊಂಡವರು ಅರ್ಧ ಸುತ್ತು ತಿರುಗಿ ಬಂದ ದಾರಿಯಲ್ಲೇ ಹೊರಬರುವ ಒಂದು ಸರಳ ಕ್ರಮವನ್ನು ಕಲಿಸಬಹುದೇ ಎಂದು ನೋಡುವುದಾಗಿತ್ತು. ಕೆಲವೇ ಗಂಟೆಗಳ ಪಾಠದ ನಂತರ ಅದೇ ಜನ ಬಹುತೇಕ ಪ್ರತಿ ಸಲವೂ ಹೊರಬಂದರು. ಮನುಷ್ಯನಿಗೆ ಇದು ಒಗ್ಗದ ವಿದ್ಯೆಯಲ್ಲ, ಹುಟ್ಟಿನಿಂದ ಬಾರದ ವಿದ್ಯೆ, ಅಷ್ಟೇ. ಹುಟ್ಟಿನಿಂದ ಬಾರದ್ದು ಉಳಿಯಬೇಕಾದರೆ ನೀರೆರೆಯುತ್ತಲೇ ಇರಬೇಕು.

ಆಟೊಪೈಲಟ್ ಇದೆಯಲ್ಲ ಎನ್ನುವ ವಾದವನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಈಗಿನ ಕೆಲವು ಸಣ್ಣ ವಿಮಾನಗಳಲ್ಲಿ ಗುಂಡಿಯೊಂದನ್ನು ಒತ್ತಿದರೆ ಯಂತ್ರ ತಾನೇ ರೆಕ್ಕೆ ಸಮ ಮಾಡಿ ಮಟ್ಟಕ್ಕೆ ತರುತ್ತದೆ. ದಿಗ್ಭ್ರಮೆಯಾದ ಪೈಲಟ್ ಮೊದಲು ಮಾಡಬೇಕಾದ್ದು ಆ ಗುಂಡಿ ಒತ್ತುವುದು, ಇದರಲ್ಲಿ ಸ್ವಾಭಿಮಾನದ ಪ್ರಶ್ನೆಯಿಲ್ಲ. ಆದರೆ ಯಂತ್ರ ಕೈಬಿಡುವುದು ಯಾವಾಗ ಎಂದು ಯೋಚಿಸಬೇಕು. ಬಿಸಿಲಿನ ಮಧ್ಯಾಹ್ನ, ಎಲ್ಲ ಸರಿಯಿರುವಾಗ ಅದು ಬಿಡುವುದಿಲ್ಲ. ತನಗೆ ಬರುವ ಮಾಹಿತಿಯೇ ಕೆಟ್ಟಾಗ ಬಿಡುತ್ತದೆ. ಅಂದರೆ ತೀರ ಕಷ್ಟದ ಗಳಿಗೆಯಲ್ಲಿ, ತೀರ ಅಭ್ಯಾಸ ತಪ್ಪಿದ ಕೈಗೆ ವಿಮಾನವನ್ನು ಒಪ್ಪಿಸುತ್ತದೆ. ಲಿಸಾನ್ ಬೇನ್‌ಬ್ರಿಜ್ ಎಂಬ ಬ್ರಿಟಿಷ್ ವಿದ್ವಾಂಸೆ 1983ರಷ್ಟು ಹಿಂದೆಯೇ ಕಾರ್ಖಾನೆಗಳ ಸ್ವಯಂಚಾಲನೆಯನ್ನು ಕುರಿತು ಬರೆಯುತ್ತ ಈ ವೈರುಧ್ಯವನ್ನು ಎತ್ತಿ ತೋರಿಸಿದ್ದರು. ರಿಯೊದಿಂದ ಪ್ಯಾರಿಸ್‌ಗೆ ಹೊರಟಿದ್ದ ಏರ್ ಫ್ರಾನ್ಸ್ 447ರಲ್ಲಿ 2009ರ ಜೂನ್ 1ರಂದು ವೇಗ ಅಳೆಯುವ ಪಿಟೋ ಕೊಳವೆಗಳಲ್ಲಿ ಮಂಜುಗಡ್ಡೆ ಕಟ್ಟಿ ಆಟೊಪೈಲಟ್ ಕಳಚಿಕೊಂಡಿತು. ಕೊಳವೆಗಳು ಬೇಗನೆ ಸರಿಯಾದವು. ಆದರೆ ಅಷ್ಟರಲ್ಲಿ ಮೂತಿ ಎತ್ತಿದ ವಿಮಾನ ಸ್ಟಾಲ್ ಆಗಿ, ಅಂದರೆ ರೆಕ್ಕೆಗಳ ಎತ್ತುವ ಬಲ ಕಳೆದುಕೊಂಡು, ನಾಲ್ಕೂವರೆ ನಿಮಿಷದೊಳಗೆ ಅಟ್ಲಾಂಟಿಕ್ ಸೇರಿತು. 228 ಜನ ತೀರಿಕೊಂಡರು. ಅಷ್ಟು ಎತ್ತರದಲ್ಲಿ ವಿಮಾನವನ್ನು ಕೈಯಲ್ಲಿ ಹಾರಿಸುವ ತರಬೇತಿ ಆ ಪೈಲಟ್‌ಗಳಿಗೆ ಸಿಕ್ಕಿರಲಿಲ್ಲ.

ಇನ್ನು ಮಾಪಕವೇ ಸುಳ್ಳು ಹೇಳಿದರೆ? ನಮ್ಮವರು ಮರೆಯಬಾರದ ದಿನ 1978ರ ಜನವರಿ 1. ಅಂದು ರಾತ್ರಿ ಮುಂಬಯಿಯಿಂದ ದುಬೈಗೆ ಹೊರಟ ಏರ್ ಇಂಡಿಯಾದ ಬೋಯಿಂಗ್ 747 ‘ಎಂಪರರ್ ಅಶೋಕ’ ಎರಡು ನಿಮಿಷವೂ ಹಾರಲಿಲ್ಲ. ಬಾಂದ್ರಾದ ಆಚೆ ಸಮುದ್ರಕ್ಕೆ ಬಿತ್ತು, 213 ಜೀವ ಹೋಯಿತು. ಮೋಡವಿರಲಿಲ್ಲ. ಆದರೆ ಕೆಳಗೆ ಕಪ್ಪು ಕಡಲು, ಮೇಲೆ ಕಪ್ಪು ಆಕಾಶ, ನಡುವೆ ದಿಗಂತದ ಗೆರೆಯಿಲ್ಲ. ಕ್ಯಾಪ್ಟನ್ ಎದುರಿನ ಕೃತಕ ದಿಗಂತ ಎಂಬ ಮಾಪಕ ಕೆಟ್ಟು, ವಿಮಾನ ಬಲಕ್ಕೇ ವಾಲಿದೆ ಎಂದು ತೋರಿಸುತ್ತಿತ್ತು. ಅದನ್ನು ನಂಬಿ ಅವರು ಎಡಕ್ಕೆ, ಇನ್ನೂ ಎಡಕ್ಕೆ ಹೊರಳಿಸಿದರು. ಸರಿಯಾದದ್ದನ್ನು ತೋರಿಸುವ ಬೇರೆ ದಿಗಂತ ಮಾಪಕಗಳು ಅದೇ ಕಾಕ್‌ಪಿಟ್ಟಿನಲ್ಲಿದ್ದವು. ಸಾವಿರಾರು ಗಂಟೆ ಹಾರಿದ ಕ್ಯಾಪ್ಟನ್ ಅವರು. ಒಂದು ಮಾಪಕವನ್ನು ಇನ್ನೊಂದರ ಜೊತೆ ತಾಳೆ ನೋಡುವ ಬುದ್ಧಿಯ ಕೆಲಸಕ್ಕೆ ಅಂದು ಸಿಕ್ಕಿದ್ದು ಕೆಲವೇ ಸೆಕೆಂಡ್.

ಇಲ್ಲಿ ನಮ್ಮ ಅಭ್ಯಾಸದ ದೊಡ್ಡ ಕೊರತೆಯೊಂದಿದೆ ಎಂದು ನನಗೆ ಬಲವಾಗಿ ಅನಿಸುತ್ತದೆ. ಮಾಪಕ ಕೆಟ್ಟಾಗ ಏನು ಮಾಡಬೇಕೆಂದು ಕಲಿಸುವಾಗ ಇನ್‌ಸ್ಟ್ರಕ್ಟರ್‌ಗಳು ಅದರ ಮೇಲೊಂದು ರಬ್ಬರ್ ಬಿಲ್ಲೆ ಅಂಟಿಸುತ್ತಾರೆ. ಬಿಲ್ಲೆ ಬಿದ್ದ ಕೂಡಲೇ ಯಾವುದು ಕೆಟ್ಟಿದೆ ಎಂಬುದು ಗೊತ್ತಾಗಿಹೋಯಿತು, ಉಳಿದವನ್ನು ನೋಡಿ ಹಾರಿದರಾಯಿತು. ನಿಜದಲ್ಲಿ ಹಾಗಾಗುವುದಿಲ್ಲ. ಹಳೆಯ ಸೆಸ್ನಾದಲ್ಲಿ ನಿರ್ವಾತ ಪಂಪ್ ಸತ್ತರೆ ಕೃತಕ ದಿಗಂತದೊಳಗಿನ ಚಕ್ರ ಒಮ್ಮೆಲೇ ನಿಲ್ಲದೆ ನಿಮಿಷಗಟ್ಟಲೆ ನಿಧಾನವಾಗುತ್ತ ಹೋಗುತ್ತದೆ. ಅಷ್ಟೂ ಹೊತ್ತು ಆ ಪಟ ಮೆಲ್ಲಮೆಲ್ಲಗೆ ಓರೆಯಾಗುತ್ತಿರುತ್ತದೆ. ಪೈಲಟ್ ಅದರ ಜೊತೆಗೇ ವಿಮಾನವನ್ನೂ ಓರೆ ಮಾಡುತ್ತಿರುತ್ತಾನೆ. ಮುಚ್ಚಿದ ಮಾಪಕ ಬರೀ ಮೌನವಾಗಿರುತ್ತದೆ. ಸಾಯುತ್ತಿರುವ ಮಾಪಕ ಸುಳ್ಳು ಹೇಳುತ್ತದೆ. ಮೌನಕ್ಕೆ ತಯಾರಾದವನು ಸುಳ್ಳಿಗೆ ತಯಾರಾಗಿರುವುದಿಲ್ಲ. ಆರು ಅಪ್ರೋಚ್‌ಗಳ ನಿಯಮವಂತೂ ಈ ಕಡೆ ತಲೆಯೇ ಹಾಕುವುದಿಲ್ಲ. ನಾನು ಪದೇ ಪದೇ ಇಳಿಯುವ ಪರಿಚಿತ ರನ್‌ವೇಗೆ ಆರು ಸಲ ಇಳಿದರೂ ಆರೇ, ಎಂದೂ ಕಾಣದ ಆರು ಊರುಗಳಿಗೆ ಇಳಿದರೂ ಆರೇ. ಯುರೋಪಿನಲ್ಲಿ ವರ್ಷಕ್ಕೊಮ್ಮೆ ಬೇರೊಬ್ಬರ ಮುಂದೆ ಹಾರಿ ತೋರಿಸದೆ ಈ ರೇಟಿಂಗ್ ಮುಂದುವರಿಯುವುದಿಲ್ಲ. ಅದು ದುಬಾರಿ ಎಂದು ಇಲ್ಲಿನ ಪೈಲಟ್‌ಗಳು ದೂರುತ್ತಾರೆ. ದುಬಾರಿಯೇ ಹೌದು. ಆದರೂ ಬೇರೊಬ್ಬರ ಕಣ್ಣು ಎಂಬ ಮಾಪಕವಾದರೂ ಅದರಲ್ಲಿದೆ.

ಆ ಫೆಬ್ರುವರಿಯ ನಂತರ ನನ್ನ ಅಭ್ಯಾಸವನ್ನು ಬದಲಿಸಿಕೊಂಡೆ. ಮೊದಲು ತಿಂಗಳಿಗೊಮ್ಮೆ ಒಂದೂವರೆ ಗಂಟೆ, ಸರಾಗವಾಗಿ ಬರುವ ಅಪ್ರೋಚ್‌ಗಳನ್ನೇ ಮಾಡಿ ತೃಪ್ತನಾಗಿ ಮನೆಗೆ ಬರುತ್ತಿದ್ದೆ. ಈಗ ಆ ಹಣವನ್ನು ಬೇರೆ ರೀತಿ ಖರ್ಚು ಮಾಡುತ್ತೇನೆ. ಎರಡು ವಾರಕ್ಕೊಮ್ಮೆ ಸಿಮ್ಯುಲೇಟರಿನಲ್ಲಿ ನಲವತ್ತು ನಿಮಿಷ, ಪಕ್ಕದಲ್ಲಿ ಪೈಲಟ್ ಗೆಳೆಯರೊಬ್ಬರು. ಯಾವ ಊರು, ಯಾವ ಅಪ್ರೋಚ್, ಯಾವ ಮಾಪಕ ಯಾವ ಗಳಿಗೆಯಲ್ಲಿ ಸಾಯಬೇಕು, ಎಲ್ಲ ಅವರ ಆಯ್ಕೆ. ನನಗೆ ಮೊದಲೇ ಹೇಳುವಂತಿಲ್ಲ. ನಕ್ಷೆಯ ಪರದೆ ಆರಿಸಿ, ಈಗ ನೀವು ಎಲ್ಲಿದ್ದೀರಿ, ಮುಂದೇನು ಎಂದು ನಡುನಡುವೆ ಕೇಳುತ್ತಾರೆ. ಮನೆಯಲ್ಲಿ, ಕೆಲವೊಮ್ಮೆ ಬೆಳಗಿನ ಕಾಫಿಯ ಹೊತ್ತಿಗೆ, ಹೋಲ್ಡ್ ಸೂಚನೆಯೊಂದನ್ನು ಓದಿಕೊಂಡು ಕಾಗದದ ಮೇಲೆ ಗೆರೆ ಎಳೆಯುತ್ತೇನೆ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ, ಕ್ಯಾಸ್ನರ್ ಅಧ್ಯಯನದಲ್ಲಿ ಮೊದಲು ಕೈಕೊಟ್ಟದ್ದು ಇದೇ ಜಾತಿಯ ಕೆಲಸ. ಬೇಸಗೆಯಲ್ಲಿ ಕರಾವಳಿಯ ಮೇಲೆ ಮರೀನ್ ಲೇಯರ್ ಎಂಬ ತೆಳು ಮೋಡದ ಚಾದರ ಬೆಳಿಗ್ಗೆ ಹಾಸಿ ಮಧ್ಯಾಹ್ನ ಕರಗುತ್ತದೆ. ಮಿಂಚು ಗುಡುಗಿಲ್ಲದ, ಸಾವಿರ ಅಡಿ ದಪ್ಪದ, ಮೇಲೆ ನಿಚ್ಚಳ ಬಿಸಿಲಿರುವ ಮೋಡ. ಇನ್‌ಸ್ಟ್ರಕ್ಟರ್ ಜೊತೆ ಅದರೊಳಗೆ ಹೋಗಿ ಬರುತ್ತೇನೆ. ಅಭ್ಯಾಸಕ್ಕೆ ಕಣ್ಣಿಗೆ ಹಾಕಿಕೊಳ್ಳುವ ಮುಸುಕಿನ ಅಂಚಿನಲ್ಲಿ ಎಲ್ಲೋ ಒಂದು ಚೂರು ನೆಲ ಕಂಡೇ ಕಾಣುತ್ತದೆ, ನಿಜವಾದ ಮೋಡ ಆ ಚೂರನ್ನೂ ಬಿಟ್ಟುಕೊಡುವುದಿಲ್ಲ.

ಪ್ರತಿ ಸಲವೂ ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ಎರಡು ಅಂಕಿ ಬರೆಯುತ್ತೇನೆ. ಕೃತಕ ದಿಗಂತ ಕೆಡತೊಡಗಿದಾಗಿನಿಂದ ನಾನದನ್ನು ಗುರುತಿಸುವವರೆಗೆ ಎಷ್ಟು ಸೆಕೆಂಡ್. ಹೋಲ್ಡ್ ಸೂಚನೆ ಕೇಳಿದಾಗಿನಿಂದ ಸರಿಯಾದ ಪ್ರವೇಶ ಹೇಳುವವರೆಗೆ ಎಷ್ಟು ಸೆಕೆಂಡ್. ಚೆನ್ನಾಗಿತ್ತು, ಪರವಾಗಿಲ್ಲ ಎಂಬ ಮಾತುಗಳನ್ನು ಅಲ್ಲಿ ಬರೆಯುವುದಿಲ್ಲ.

ಕಳೆದ ತಿಂಗಳು ಊರಿನಿಂದ ಅಮ್ಮ ಬಂದಿದ್ದರು. ಮಾಂಟೆರೆಯ ಕಡಲು ತೋರಿಸಬೇಕು, ನಾವೇ ಹಾರಿಸಿಕೊಂಡು ಹೋಗೋಣ ಎಂದುಕೊಂಡಿದ್ದೆ. ಶನಿವಾರ ಅಲ್ಲಿ ಬೆಳಗಿನ ಮೋಡ ಒಂಬೈನೂರು ಅಡಿಗೆ ಇರುತ್ತದೆ ಎಂದು ಮುನ್ಸೂಚನೆ. ಗುರುವಾರ ಸಂಜೆ ಸಿಮ್ಯುಲೇಟರಿಗೆ ಹೋದೆ. ಕೈ ಹಗುರವಾಗಿತ್ತು, ಎತ್ತರ ಗೆರೆ ಎಳೆದ ಹಾಗೆ ನಿಂತಿತ್ತು, ಇಷ್ಟು ಚೆನ್ನಾಗಿ ಎಂದೂ ಹಾರಿಸಿರಲಿಲ್ಲ ಅನಿಸಿತು. ಹೊರಗೆ ಬಂದು ನೋಟ್‌ಬುಕ್ ತೆರೆದೆ. ದಿಗಂತ ಕೆಟ್ಟದ್ದನ್ನು ಗುರುತಿಸಲು ಮಾರ್ಚಿನಲ್ಲಿ 12 ಸೆಕೆಂಡ್ ಹಿಡಿದಿತ್ತು. ಈ ಸಲ 41. ಶನಿವಾರ ಅಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು ಮಾಂಟೆರೆಗೆ ಹೋದೆ.